ಶಾಖಾ ಕಚೇರಿಯ ಸರ್ವರ್: ಅಗ್ಗವೆಂದರೆ ಯಾವುದು?

ಕಂಪ್ಯೂಟರ್ ಖರೀದಿಯ ಕಡತ ಮುಂದೆ ಬಂದಾಗ ನಮ್ಮ ಆಡಳಿತ ಮಂಡಳಿಗಳು ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತವೆ. ‘ಇದು ತಂತ್ರಜ್ಞರ ವಿಷಯ, ನಮಗೆ ತಿಳಿಯುವುದಿಲ್ಲ’ ಎಂದು ಸಹಿ ಹಾಕುವುದು ಒಂದು. ‘ಯಾರು ಕಡಿಮೆ ದರ ನಮೂದಿಸಿದ್ದಾರೋ ಅವರಿಗೇ ಕೊಡಿ’ ಎಂದು ಕೈತೊಳೆದುಕೊಳ್ಳುವುದು ಇನ್ನೊಂದು. ಎರಡೂ ವಿವೇಚನೆಯಿಂದ ತಪ್ಪಿಸಿಕೊಳ್ಳುವ ದಾರಿಗಳೇ. ಇಂದು ಹೀಗೆ ತಪ್ಪಿಸಿಕೊಳ್ಳುವುದು ವಿಶೇಷವಾಗಿ ದುಬಾರಿಯಾಗುತ್ತಿರುವ ಒಂದು ಕ್ಷೇತ್ರವಿದೆ. ಅದು ಹತ್ತಾರು ಊರುಗಳಲ್ಲಿ ಶಾಖೆಗಳನ್ನು ಹೊಂದಿರುವ ಪತ್ತಿನ ಸಹಕಾರ ಸಂಘ, ಶಿಕ್ಷಣ ಸಂಸ್ಥೆ, ಆಸ್ಪತ್ರೆ, ವ್ಯಾಪಾರಿ ಸಂಸ್ಥೆಗಳ ಶಾಖಾ ಸರ್ವರ್ ವ್ಯವಸ್ಥೆ.

ಪ್ರಶ್ನೆ ಈಗಲೇ ಏಕೆ ಎದ್ದಿದೆ ಎಂಬುದಕ್ಕೆ ಎರಡು ಕಾರಣಗಳಿವೆ. ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ ಸರ್ವರ್ 2012ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲ 2023ರ ಅಕ್ಟೋಬರಿನಲ್ಲಿ ಮುಗಿಯಿತು. 2016ರ ಆವೃತ್ತಿಗೆ ಅದು ನಿಗದಿಪಡಿಸಿದ ಗಡುವು 2027ರ ಜನವರಿ. ಅನೇಕ ಶಾಖೆಗಳಲ್ಲಿ ಇಂದಿಗೂ ದುಡಿಯುತ್ತಿರುವುದು ಈ ಪೀಳಿಗೆಯ ಯಂತ್ರಗಳೇ. ಎರಡನೆಯ ಕಾರಣ, ಒಂದೇ ಸರ್ವರಿನಲ್ಲಿ ಹಲವು ಸರ್ವರುಗಳ ಕೆಲಸ ನಡೆಸಿಕೊಡುವ ‘ವರ್ಚುವಲೈಸೇಷನ್’ ತಂತ್ರಾಂಶದ ಮಾರುಕಟ್ಟೆಯಲ್ಲಿ 2023ರ ಕೊನೆಯಿಂದೀಚೆಗೆ ಆಗಿರುವ ಭಾರಿ ಪಲ್ಲಟ. ಹಳೆಯ ಯಂತ್ರ ಬದಲಿಸಬೇಕಾದ ಸಮಯದಲ್ಲಿಯೇ ಹಳೆಯ ಬೆಲೆಪಟ್ಟಿಯೂ ಇಲ್ಲವಾಗಿದೆ.

ನಾನು ಅರ್ಥಶಾಸ್ತ್ರದ ವಿದ್ಯಾರ್ಥಿಯೇ ಹೊರತು ಕಂಪ್ಯೂಟರ್ ವಿಜ್ಞಾನಿಯಲ್ಲ. ಸರ್ಕಾರಿ ಸೇವೆಯಲ್ಲಿ ಖರೀದಿ ಕಡತಗಳನ್ನು ನೋಡಿದ ಅನುಭವದಿಂದ, ನಿವೃತ್ತಿಯ ನಂತರ ಒಂದು ಸಹಕಾರ ಸಂಸ್ಥೆಯ ಖರೀದಿ ಸಮಿತಿಯಲ್ಲಿ ಕುಳಿತು ಕಂಡದ್ದರಿಂದ ನನಗೆ ಮನವರಿಕೆಯಾಗಿರುವುದು ಇಷ್ಟು: ಈ ಆಯ್ಕೆಯಲ್ಲಿ ತಂತ್ರಜ್ಞಾನದ ಪಾಲು ಇರುವಷ್ಟೇ ಅರ್ಥಶಾಸ್ತ್ರದ ಪಾಲೂ ಇದೆ. ಅಗ್ಗ ಎಂಬುದನ್ನು ಕೊಳ್ಳುವ ದಿನದ ಬೆಲೆಯಿಂದ ಮಾತ್ರ ಅಳೆಯಬಾರದು. ಆ ವ್ಯವಸ್ಥೆಯನ್ನು ಬಿಟ್ಟು ಹೊರಬರಬೇಕಾದ ದಿನ ಎಷ್ಟು ಖರ್ಚು, ತಜ್ಞನಿಲ್ಲದ ಶಾಖೆಯಲ್ಲಿ ಅದು ಕೆಟ್ಟು ನಿಂತ ದಿನ ಎಷ್ಟು ಖರ್ಚು ಎಂಬ ಎರಡು ಲೆಕ್ಕಗಳನ್ನೂ ಸೇರಿಸಿ ಅಳೆಯಬೇಕು.

ವಠಾರದ ಲೆಕ್ಕ

ಮೊದಲಿಗೆ ವರ್ಚುವಲೈಸೇಷನ್ ಎಂದರೇನು ಎಂಬುದನ್ನು ತಿಳಿಯೋಣ. ಹಳೆಯ ಬೆಂಗಳೂರು, ಮೈಸೂರುಗಳಲ್ಲಿ ವಠಾರಗಳನ್ನು ಕಂಡವರಿಗೆ ಇದು ಕಷ್ಟವಲ್ಲ. ದೊಡ್ಡದೊಂದು ಮನೆ, ಒಳಗೆ ಅಡ್ಡಗೋಡೆಗಳು, ಪ್ರತಿಯೊಂದು ಭಾಗದಲ್ಲಿ ಒಂದು ಸಂಸಾರ. ಬಾವಿ, ಅಂಗಳ, ಹೆಬ್ಬಾಗಿಲು ಎಲ್ಲರಿಗೂ ಒಂದೇ. ಒಬ್ಬರ ಅಡುಗೆಮನೆ ಇನ್ನೊಬ್ಬರಿಗೆ ಕಾಣದು. ಸರ್ವರ್ ಎಂಬ ಒಂದೇ ಯಂತ್ರದ ಪ್ರೊಸೆಸರ್, ಮೆಮೊರಿ, ಡಿಸ್ಕುಗಳನ್ನು ಹೀಗೆ ವಿಭಾಗಿಸಿ, ಪ್ರತಿ ಭಾಗವೂ ತನ್ನನ್ನು ಒಂದು ಪೂರ್ಣ ಯಂತ್ರವೆಂದೇ ಭಾವಿಸುವಂತೆ ಮಾಡುವ ತಂತ್ರಾಂಶಕ್ಕೆ ‘ಹೈಪರ್‌ವೈಸರ್’ ಎಂದು ಹೆಸರು. ಒಳಗಿನ ಸಂಸಾರಗಳೇ ವರ್ಚುವಲ್ ಯಂತ್ರಗಳು.

ಈ ಕಲ್ಪನೆ ಹೊಸದೇನಲ್ಲ. 1960ರ ದಶಕದಲ್ಲಿಯೇ ಅಮೆರಿಕದ ಐಬಿಎಂ ಕಂಪನಿಯ ತಂತ್ರಜ್ಞರು ಇದನ್ನು ಪ್ರಯೋಗಿಸಿದ್ದರು. 1972ರಲ್ಲಿ ಅದು ದೊಡ್ಡ ಮೇನ್‌ಫ್ರೇಮ್ ಯಂತ್ರಗಳಿಗೆ ಅಧಿಕೃತ ಉತ್ಪನ್ನವಾಗಿಯೂ ಬಂದಿತು. ಸಾಧಾರಣ ಸರ್ವರುಗಳಿಗೆ ಅದನ್ನು ತಂದ ಹಿರಿಮೆ 1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ವಿಎಂವೇರ್ ಕಂಪನಿಯದು. ಅದರ ಸರ್ವರ್ ಉತ್ಪನ್ನ 2001ರಲ್ಲಿ ಹೊರಬಂದಿತು. 2005-06ರಲ್ಲಿ ಇಂಟೆಲ್ ಮತ್ತು ಎಎಂಡಿ ಕಂಪನಿಗಳು ತಮ್ಮ ಪ್ರೊಸೆಸರುಗಳಲ್ಲಿಯೇ ಇದಕ್ಕೆ ಅನುಕೂಲ ಕಲ್ಪಿಸಿದ ಮೇಲೆ ಈ ತಂತ್ರ ಎಲ್ಲೆಡೆ ಹರಡಿತು.

ಅರ್ಥಶಾಸ್ತ್ರದಲ್ಲಿ ‘ಅವಿಭಾಜ್ಯತೆ’ ಎಂಬ ಮಾತಿದೆ. ಅರ್ಧ ಟ್ರ್ಯಾಕ್ಟರ್ ಕೊಳ್ಳಲು ಬರುವುದಿಲ್ಲ. ಎರಡು ಎಕರೆಯವನೂ ಇಡೀ ಟ್ರ್ಯಾಕ್ಟರನ್ನೇ ಕೊಳ್ಳಬೇಕು ಅಥವಾ ಬಾಡಿಗೆಗೆ ತರಬೇಕು. ಸರ್ವರಿನದೂ ಇದೇ ಕಥೆ. ಶಾಖೆಯ ಕಡತಗಳಿಗೆ ಒಂದು ಯಂತ್ರ, ಲೆಕ್ಕಪತ್ರಕ್ಕೆ ಒಂದು, ಸಿಬ್ಬಂದಿಯ ಲಾಗಿನ್ ನಿರ್ವಹಣೆಗೆ ಒಂದು, ಹಾಜರಾತಿಗೆ ಒಂದು ಎಂದು ಇಟ್ಟರೆ ಪ್ರತಿಯೊಂದೂ ದಿನದ ಬಹುಪಾಲು ಸುಮ್ಮನೆ ಕುಳಿತಿರುತ್ತದೆ. ವರ್ಚುವಲೈಸೇಷನ್ ಈ ಅವಿಭಾಜ್ಯ ವಸ್ತುವನ್ನು ವಿಭಾಜ್ಯವಾಗಿಸುತ್ತದೆ. ಅದರ ನಿಜವಾದ ಆರ್ಥಿಕ ಲಾಭ ಇದು.

ಕರ್ನಾಟಕದ ಕಚೇರಿಗಳಲ್ಲಿ ಇದಕ್ಕೆ ಇನ್ನೊಂದು ಉಪಯೋಗವೂ ಇದೆ. ಹಳೆಯ ವಿಂಡೋಸ್ ಆವೃತ್ತಿಗಳ ಮೇಲೆ ಮಾತ್ರ ಸರಿಯಾಗಿ ನಡೆಯುವ ಲೆಕ್ಕಪತ್ರದ ತಂತ್ರಾಂಶ, ಯೂನಿಕೋಡ್ ಪೂರ್ವದ ‘ನುಡಿ’ ಅಕ್ಷರಗಳಲ್ಲಿ ಸಿದ್ಧವಾದ ದಾಖಲೆಗಳು ನಮ್ಮಲ್ಲಿ ಹೇರಳವಾಗಿವೆ. ಅವುಗಳಿಗಾಗಿ ಮೂಲೆಯಲ್ಲಿ ಹದಿನೈದು ವರ್ಷ ಹಳೆಯ ಯಂತ್ರವನ್ನು ಉಳಿಸಿಕೊಳ್ಳುವ ಬದಲು, ಆ ಹಳೆಯ ಯಂತ್ರವನ್ನೇ ಹೊಸ ಸರ್ವರಿನೊಳಗೆ ಒಂದು ವರ್ಚುವಲ್ ಯಂತ್ರವಾಗಿ, ಹೊರಗಿನ ಜಾಲದ ಸಂಪರ್ಕವಿಲ್ಲದಂತೆ, ಸುರಕ್ಷಿತವಾಗಿ ಇಟ್ಟುಕೊಳ್ಳಬಹುದು.

ಮಾಲೀಕ ಬದಲಾದಾಗ

ವಠಾರದ ಅನುಕೂಲ ಅನುಭವಿಸಿದವರಿಗೆ ಅದರ ಅಪಾಯವೂ ಗೊತ್ತು. ಬಾಡಿಗೆದಾರರ ಭವಿಷ್ಯ ನಿಂತಿರುವುದು ಮಾಲೀಕನ ಮರ್ಜಿಯ ಮೇಲೆ. ವಿಎಂವೇರ್ ವಿಷಯದಲ್ಲಿ ಆದದ್ದು ಇದೇ. ಇಎಂಸಿ, ಡೆಲ್ ಕಂಪನಿಗಳ ಕೈದಾಟಿ 2021ರಲ್ಲಿ ಮತ್ತೆ ಸ್ವತಂತ್ರವಾಗಿದ್ದ ಈ ಕಂಪನಿಯನ್ನು 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕೊಂಡುಕೊಂಡಿತು. ಮರುತಿಂಗಳೇ ಒಮ್ಮೆ ಹಣ ಕೊಟ್ಟು ಶಾಶ್ವತವಾಗಿ ಬಳಸುವ ಪರವಾನಗಿಗಳ ಮಾರಾಟ ನಿಂತಿತು. ನಿಯತಕಾಲಿಕ ಚಂದಾ ಕಟ್ಟುವ ಪದ್ಧತಿ ಕಡ್ಡಾಯವಾಯಿತು. ಬಿಡಿಬಿಡಿಯಾಗಿ ಸಿಗುತ್ತಿದ್ದ ಹತ್ತಾರು ಉತ್ಪನ್ನಗಳು ಕೆಲವೇ ಕಟ್ಟುಗಳಾದವು.

ಶಾಖಾ ಕಚೇರಿಗಳ ದೃಷ್ಟಿಯಿಂದ ಇದರಲ್ಲಿ ಎರಡು ಸಂಗತಿಗಳು ಮುಖ್ಯ. ದೂರದ ಶಾಖೆಗಳಿಗೆಂದೇ ಆ ಕಂಪನಿ ಮೊದಲು ಒಂದು ಪ್ರತ್ಯೇಕ ಪರವಾನಗಿ ಮಾರುತ್ತಿತ್ತು. ಪ್ರೊಸೆಸರ್ ಲೆಕ್ಕದಲ್ಲಿ ಅಲ್ಲ, 25 ವರ್ಚುವಲ್ ಯಂತ್ರಗಳ ಕಟ್ಟಿನ ಲೆಕ್ಕದಲ್ಲಿ. ಹತ್ತು ಶಾಖೆಗಳಲ್ಲಿ ಎರಡೆರಡು ಯಂತ್ರ ಇಟ್ಟುಕೊಳ್ಳುವವರಿಗೆ ಅದು ಹೇಳಿ ಮಾಡಿಸಿದಂತಿತ್ತು. ಮೂರು ಸರ್ವರುಗಳವರೆಗಿನ ಸಣ್ಣ ಸಂಸ್ಥೆಗಳಿಗೂ ಒಂದು ಅಗ್ಗದ ಕಟ್ಟು ಇತ್ತು. ಹೊಸ ವ್ಯವಸ್ಥೆಯಲ್ಲಿ ಈ ಎರಡೂ ಉಳಿಯಲಿಲ್ಲ. ಎರಡನೆಯದಾಗಿ, ಹೊಸ ಶುಲ್ಕ ಪ್ರೊಸೆಸರಿನ ‘ಕೋರ್’ಗಳ ಲೆಕ್ಕದಲ್ಲಿದ್ದು, ಒಂದು ಪ್ರೊಸೆಸರಿಗೆ ಕನಿಷ್ಠ 16 ಕೋರ್‌ಗಳ ಹಣ ಕಟ್ಟಬೇಕು. ನಿಮ್ಮ ಪ್ರೊಸೆಸರಿನಲ್ಲಿ 8 ಕೋರ್ ಮಾತ್ರ ಇದ್ದರೂ 16ರ ಹಣ. ಸಣ್ಣ ಕುಟುಂಬಕ್ಕೂ ದೊಡ್ಡ ಮನೆಯ ಬಾಡಿಗೆ ಎಂದಂತೆ.

2024ರ ಆರಂಭದಲ್ಲಿ ಉಚಿತ ಆವೃತ್ತಿಯನ್ನೂ ನಿಲ್ಲಿಸಲಾಯಿತು. 2025ರ ಏಪ್ರಿಲಿನಲ್ಲಿ ಅದನ್ನು ಮರಳಿ ತರಲಾಯಿತು. ಅಮೆರಿಕದ ದೈತ್ಯ ದೂರವಾಣಿ ಕಂಪನಿ ಎಟಿ ಅಂಡ್ ಟಿ, ತನ್ನ ಹಳೆಯ ಒಪ್ಪಂದದಂತೆ ಬೆಂಬಲ ಮುಂದುವರಿಸಬೇಕೆಂದು 2024ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯದ ಮೆಟ್ಟಿಲೇರಿತು. ತನಗೆ ಸೂಚಿಸಿದ ಏರಿಕೆ ಶೇ 1,050ರಷ್ಟು ಎಂದು ಅದು ದೂರಿತ್ತು. ವರ್ಷದ ಕೊನೆಗೆ ಉಭಯ ಕಂಪನಿಗಳು ರಾಜಿ ಮಾಡಿಕೊಂಡವು. ಎಟಿ ಅಂಡ್ ಟಿಗೆ ವಕೀಲರ ದಂಡೇ ಇದೆ. ಹನ್ನೆರಡು ಶಾಖೆಗಳ ಸಹಕಾರ ಸಂಘಕ್ಕೆ ಯಾರಿದ್ದಾರೆ?

ಇದನ್ನು ಒಂದು ಕಂಪನಿಯ ದುರಾಸೆಯ ಕಥೆ ಎಂದು ಓದಿದರೆ ಪಾಠ ತಪ್ಪಿಹೋಗುತ್ತದೆ. ವಿಎಂವೇರ್ ತಂತ್ರಾಂಶದ ಗುಣಮಟ್ಟದ ಬಗ್ಗೆ ತಕರಾರಿಲ್ಲ. ನೂರಾರು ಸರ್ವರುಗಳ ದೊಡ್ಡ ಡೇಟಾ ಸೆಂಟರಿಗೆ ಹೊಸ ಕಟ್ಟು ಲಾಭದಾಯಕವಾಗಿಯೂ ಇರಬಹುದು. ಅರ್ಥಶಾಸ್ತ್ರಜ್ಞ ಆಲಿವರ್ ವಿಲಿಯಮ್ಸನ್ ಅವರಿಗೆ 2009ರಲ್ಲಿ ನೊಬೆಲ್ ಗೌರವ ತಂದ ಚಿಂತನೆಯ ಒಂದು ಎಳೆ ಇಲ್ಲಿ ಪ್ರಸ್ತುತ. ಒಂದು ವ್ಯವಹಾರಕ್ಕೆಂದೇ ನಾವು ವಿಶೇಷ ಬಂಡವಾಳ ತೊಡಗಿಸಿದ ಮೇಲೆ ಎದುರಿನವರ ಚೌಕಾಸಿಯ ಬಲ ಹೆಚ್ಚುತ್ತದೆ. ಸಿಬ್ಬಂದಿಯ ತರಬೇತಿ, ಬ್ಯಾಕಪ್ ವ್ಯವಸ್ಥೆ, ಡಿಸ್ಕ್ ಕಡತಗಳ ನಮೂನೆ ಎಲ್ಲವೂ ಅಂತಹ ವಿಶೇಷ ಬಂಡವಾಳವೇ. ಮಾರುವವನು ಯಾರೇ ಆಗಿರಲಿ, ಹೊರಹೋಗುವ ಬಾಗಿಲು ಕಿರಿದಾದಷ್ಟೂ ಬಾಡಿಗೆ ಏರುತ್ತದೆ.

ಇರುವ ಆಯ್ಕೆಗಳು

ಅದೃಷ್ಟವಶಾತ್ ಇಂದು ಬಾಗಿಲುಗಳು ಹಲವಿವೆ. ಮೊದಲನೆಯದು ಮೈಕ್ರೋಸಾಫ್ಟಿನ ಹೈಪರ್-ವಿ. 2008ರಿಂದ ಇದು ವಿಂಡೋಸ್ ಸರ್ವರಿನ ಅಂಗವಾಗಿಯೇ ಬರುತ್ತಿದೆ. ಶಾಖೆಯ ತಂತ್ರಾಂಶಗಳೆಲ್ಲ ವಿಂಡೋಸ್ ಮೇಲೆಯೇ ನಡೆಯುತ್ತಿದ್ದರೆ ಆ ಪರವಾನಗಿಯನ್ನು ಹೇಗೂ ಕೊಳ್ಳಬೇಕು. ಹಾಗೆ ಕೊಂಡವರಿಗೆ ಹೈಪರ್‌ವೈಸರಿಗೆಂದು ಬೇರೆ ಖರ್ಚಿಲ್ಲ. ಕೇವಲ ಹೈಪರ್-ವಿ ಮಾತ್ರವೇ ಇದ್ದ ಪ್ರತ್ಯೇಕ ಉಚಿತ ಆವೃತ್ತಿ 2019ಕ್ಕೆ ಕೊನೆಗೊಂಡಿತು ಎಂಬುದು ನೆನಪಿರಲಿ. ಅದನ್ನು ಹೊಸದಾಗಿ ಹಾಕಿಕೊಡುತ್ತೇವೆ ಎನ್ನುವ ಮಾರಾಟಗಾರನಿಂದ ದೂರವಿರುವುದು ಒಳಿತು.

ಎರಡನೆಯದು ಕೆವಿಎಂ. ಇದು 2007ರಲ್ಲಿ ಲಿನಕ್ಸ್ ತಿರುಳಿನೊಳಗೇ ಸೇರಿದ ಮುಕ್ತ ತಂತ್ರಾಂಶ. ‘ಉಚಿತವಾದದ್ದು ಹವ್ಯಾಸಿಗಳಿಗೆ’ ಎಂಬ ಗುಮಾನಿ ನಮ್ಮ ಸಮಿತಿಗಳಲ್ಲಿ ಇನ್ನೂ ಇದೆ. ಗೂಗಲ್ ತನ್ನ ಕ್ಲೌಡ್ ಸೇವೆಯನ್ನು ಕೆವಿಎಂ ಮೇಲೆಯೇ ನಡೆಸುತ್ತದೆ. ಅಮೆಜಾನ್ ತನ್ನ ಈಚಿನ ಪೀಳಿಗೆಯ ಕ್ಲೌಡ್ ಸರ್ವರುಗಳಿಗೆ ಅದನ್ನೇ ಆಧಾರವಾಗಿಸಿಕೊಂಡಿದೆ ಎಂದರೆ ಆ ಗುಮಾನಿಗೆ ಉತ್ತರ ಸಿಕ್ಕಂತೆ. ಕೆವಿಎಂ ಅನ್ನು ಸಾಮಾನ್ಯ ಸಂಸ್ಥೆಗಳು ಸುಲಭವಾಗಿ ಬಳಸುವಂತೆ ಹೊಂದಿಸಿ ಕೊಡುವ ವ್ಯವಸ್ಥೆಗಳಲ್ಲಿ ಆಸ್ಟ್ರಿಯಾದ ವಿಯೆನ್ನಾದಿಂದ ಬರುವ ಪ್ರಾಕ್ಸ್‌ಮಾಕ್ಸ್ ಪ್ರಮುಖವಾದುದು. 2008ರಿಂದ ಇರುವ ಇದರ ತಂತ್ರಾಂಶ ಉಚಿತ. ಬೆಂಬಲ ಬೇಕಾದವರು ಪ್ರೊಸೆಸರ್ ಒಂದಕ್ಕೆ ಇಂತಿಷ್ಟು ಎಂದು ವಾರ್ಷಿಕ ಚಂದಾ ಕಟ್ಟಬಹುದು. 2024ರಲ್ಲಿ ಇದು ವಿಎಂವೇರ್ ಯಂತ್ರಗಳನ್ನು ನೇರವಾಗಿ ತನ್ನೊಳಗೆ ತಂದುಕೊಳ್ಳುವ ಸೌಲಭ್ಯವನ್ನೂ ಸೇರಿಸಿಕೊಂಡಿತು.

ಮೂರನೆಯದು ಬ್ರಿಟನ್ನಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ 2003ರಲ್ಲಿ ಹೊರಬಂದ ಝೆನ್. ಅದರ ಮೇಲೆ ಫ್ರಾನ್ಸಿನ ಗ್ರೆನೋಬಲ್ ನಗರದ ವೇಟ್ಸ್ ಕಂಪನಿಯ ಬೆಂಬಲದೊಂದಿಗೆ ಬೆಳೆದಿರುವ ಎಕ್ಸ್‌ಸಿಪಿ-ಎನ್‌ಜಿ ಎಂಬ ಮುಕ್ತ ವ್ಯವಸ್ಥೆಯಿದೆ. ನಾಲ್ಕನೆಯದು ನ್ಯೂಟಾನಿಕ್ಸ್‌ನಂತಹ ಕಂಪನಿಗಳು ಯಂತ್ರ, ಡಿಸ್ಕ್, ಹೈಪರ್‌ವೈಸರುಗಳನ್ನು ಒಟ್ಟುಗೂಡಿಸಿ ಕೊಡುವ ಪರಿಹಾರ. ಅಚ್ಚುಕಟ್ಟಾದದ್ದು ನಿಜ, ಆದರೆ ಮೂರು ನಾಲ್ಕು ವರ್ಚುವಲ್ ಯಂತ್ರಗಳ ಶಾಖೆಗೆ ಸಾಮಾನ್ಯವಾಗಿ ಅದು ಹೆಚ್ಚಿನ ಹೊರೆ.

ಇವುಗಳಲ್ಲಿ ಯಾವುದು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ನಿಮ್ಮ ಕೇಂದ್ರ ಕಚೇರಿಯಲ್ಲಿ ಇರುವ ಇಬ್ಬರು ಮೂವರು ತಾಂತ್ರಿಕ ಸಿಬ್ಬಂದಿಗೆ ಏನು ಗೊತ್ತು ಎಂಬುದೇ ಮೊದಲ ಮಾನದಂಡವಾಗಬೇಕು. ವಿಂಡೋಸ್ ಬಲ್ಲವರಿದ್ದು ತಂತ್ರಾಂಶಗಳೂ ವಿಂಡೋಸಿನವೇ ಆಗಿದ್ದರೆ ಹೈಪರ್-ವಿ ಸಹಜವಾದ ಆಯ್ಕೆ. ಲಿನಕ್ಸ್ ಬಲ್ಲ ಒಬ್ಬಿಬ್ಬರು ಇದ್ದು, ಅವರು ಬಿಟ್ಟುಹೋದರೆ ಬೇರೊಬ್ಬರು ಸಿಗುವ ಊರಿನಲ್ಲಿ ನೀವಿದ್ದರೆ ಪ್ರಾಕ್ಸ್‌ಮಾಕ್ಸ್‌ನಂತಹ ಮುಕ್ತ ವ್ಯವಸ್ಥೆ ಹೆಚ್ಚು ಮಿತವ್ಯಯಿ. ಆದರೆ ಪರವಾನಗಿಯಲ್ಲಿ ಉಳಿದ ಹಣದ ಒಂದು ಪಾಲನ್ನು ತರಬೇತಿಗೆ, ಬೆಂಬಲದ ಒಪ್ಪಂದಕ್ಕೆ ಮೀಸಲಿಡದಿದ್ದರೆ ಆ ಉಳಿತಾಯ ಕಾಗದದ ಮೇಲಿನದು ಮಾತ್ರ. ಪ್ರಾಕ್ಸ್‌ಮಾಕ್ಸ್‌ನ ಅತ್ಯಂತ ಕೆಳಹಂತದ ಚಂದಾದಲ್ಲಿ ಪರೀಕ್ಷಿಸಿದ ಪರಿಷ್ಕರಣೆಗಳು ದೊರೆಯುತ್ತವೆ. ದೂರು ಕೊಟ್ಟರೆ ಕಂಪನಿಯ ಎಂಜಿನಿಯರ್ ಉತ್ತರಿಸುವ ಭರವಸೆ ಅದರಲ್ಲಿಲ್ಲ. ಅದು ಬೇಕಿದ್ದರೆ ಮೇಲಿನ ಹಂತಕ್ಕೆ ಹೋಗಬೇಕು.

ಪರವಾನಗಿಯ ಗಣಿತ

ಯಾವುದೇ ಆಯ್ಕೆಯಾದರೂ ತಪ್ಪದೆ ಮಾಡಬೇಕಾದ ಒಂದು ಲೆಕ್ಕವಿದೆ. ಹೈಪರ್‌ವೈಸರ್ ಉಚಿತವಾದ ಮಾತ್ರಕ್ಕೆ ಅದರೊಳಗಿನ ವಿಂಡೋಸ್ ಉಚಿತವಾಗುವುದಿಲ್ಲ. ವಿಂಡೋಸ್ ಸರ್ವರಿನ ಸ್ಟ್ಯಾಂಡರ್ಡ್ ಆವೃತ್ತಿಗೆ ಸರ್ವರಿನ ಎಲ್ಲ ಕೋರ್‌ಗಳ ಹಣವನ್ನು, ಕನಿಷ್ಠ 16 ಕೋರ್‌ಗಳ ಲೆಕ್ಕದಲ್ಲಿ, ಕಟ್ಟಿದರೆ ಎರಡು ವಿಂಡೋಸ್ ವರ್ಚುವಲ್ ಯಂತ್ರಗಳಿಗೆ ಹಕ್ಕು ಸಿಗುತ್ತದೆ. ನಾಲ್ಕು ಬೇಕಾದರೆ ಅಷ್ಟೇ ಹಣವನ್ನು ಮತ್ತೊಮ್ಮೆ ಕಟ್ಟಬೇಕು. ಡೇಟಾಸೆಂಟರ್ ಆವೃತ್ತಿಯಲ್ಲಿ ಸಂಖ್ಯೆಯ ಮಿತಿಯಿಲ್ಲ, ಆದರೆ ಬೆಲೆ ಹಲವು ಪಟ್ಟು. ಒಂದು ಸರ್ವರಿನಲ್ಲಿ ಸುಮಾರು ಹನ್ನೆರಡು ವಿಂಡೋಸ್ ಯಂತ್ರಗಳು ಆಗುವವರೆಗೆ ಅದು ಗಿಟ್ಟುವುದಿಲ್ಲ. ಶಾಖೆಗೆ ಅಷ್ಟು ಬೇಕಾಗುವುದೇ ಅಪರೂಪ. ಇದರ ಮೇಲೆ ಬಳಕೆದಾರರ ಪರವಾನಗಿ ಬೇರೆ.

ಇಲ್ಲಿಯೇ ಒಂದು ಸುಲಭ ಮಿತವ್ಯಯವೂ ಅಡಗಿದೆ. ತಲಾ 8 ಕೋರ್‌ಗಳ ಎರಡು ಪ್ರೊಸೆಸರುಗಳಿರುವ ಸರ್ವರಿಗೂ, 16 ಕೋರ್‌ಗಳ ಒಂದೇ ಪ್ರೊಸೆಸರ್ ಇರುವ ಸರ್ವರಿಗೂ ಶಾಖೆಯ ಕೆಲಸದ ಮಟ್ಟದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ವಿಎಂವೇರ್ ಲೆಕ್ಕದಲ್ಲಿ ಮೊದಲನೆಯದು 32 ಕೋರ್, ಎರಡನೆಯದು 16. ಪ್ರಾಕ್ಸ್‌ಮಾಕ್ಸ್ ಲೆಕ್ಕದಲ್ಲಿ ಮೊದಲನೆಯದು ಎರಡು ಚಂದಾ, ಎರಡನೆಯದು ಒಂದು. ವಿಂಡೋಸಿನಲ್ಲಿ ಎರಡೂ ಸಮ. ಒಂದೇ ಪ್ರೊಸೆಸರಿನ ಸರ್ವರ್ ಯಾವ ಲೆಕ್ಕದಲ್ಲಿಯೂ ನಷ್ಟವಲ್ಲ. ಆದರೂ ಹಳೆಯ ಟೆಂಡರಿನ ಷರತ್ತುಗಳನ್ನೇ ನಕಲು ಮಾಡಿ ‘ಎರಡು ಪ್ರೊಸೆಸರ್’ ಎಂದು ಬರೆಯುವ ಅಭ್ಯಾಸ ನಮ್ಮಲ್ಲಿ ಬಿಟ್ಟಿಲ್ಲ.

ವಿದ್ಯುತ್ ಉಳಿತಾಯದ ಬಗ್ಗೆ ಮಾರಾಟಗಾರರು ಹೇಳುವುದನ್ನೂ ತೂಗಿ ನೋಡಬೇಕು. ಉದಾಹರಣೆಗೆಂದು 12 ಶಾಖೆಗಳು, ಪ್ರತಿಯೊಂದರಲ್ಲಿ ಸದಾ ನಡೆಯುವ ನಾಲ್ಕು ಯಂತ್ರಗಳು, ತಲಾ 100 ವಾಟ್ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 42,048 ಯೂನಿಟ್. ಇವುಗಳ ಬದಲು ಶಾಖೆಗೆ 150 ವಾಟಿನ ಒಂದೇ ಸರ್ವರ್ ಇಟ್ಟರೆ 15,768 ಯೂನಿಟ್; ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ ಉಳಿತಾಯ ಸುಮಾರು 2.10 ಲಕ್ಷ ರೂಪಾಯಿ. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಎರಡು ಸರ್ವರ್ ಇಟ್ಟರೆ ಉಳಿತಾಯ ಸುಮಾರು 84 ಸಾವಿರಕ್ಕೆ ಇಳಿಯುತ್ತದೆ. ಭದ್ರತೆಗೆ ಬೆಲೆಯಿದೆ, ಅದನ್ನು ಉಳಿತಾಯದ ಪಟ್ಟಿಯಲ್ಲಿ ಮುಚ್ಚಿಡಬಾರದು.

ತಜ್ಞನಿಲ್ಲದ ಊರು

ಶಾಖೆಯ ಸರ್ವರ್ ಕರ್ನಾಟಕಕ್ಕೆ ಹೊಸದಲ್ಲ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಜಾರಿಗೆ ಬಂದಾಗ ಎರಡು ಕೋಟಿಯಷ್ಟು ಪಹಣಿಗಳು ಗಣಕೀಕೃತವಾದವು. ಅವುಗಳ ದತ್ತಾಂಶ ಆಯಾ ತಾಲ್ಲೂಕು ಕಚೇರಿಯ ಸರ್ವರಿನಲ್ಲಿಯೇ ಇರುತ್ತಿತ್ತು. ರೈತ 15 ರೂಪಾಯಿ ಕೊಟ್ಟು ಪಹಣಿ ಪಡೆಯುತ್ತಿದ್ದ ಆ ಕೇಂದ್ರಗಳನ್ನು ನಡೆಸಿದವರು ತರಬೇತಿ ಪಡೆದ ಗ್ರಾಮ ಲೆಕ್ಕಿಗರೇ ಹೊರತು ಎಂಜಿನಿಯರುಗಳಲ್ಲ. ದತ್ತಾಂಶ ಮುಂದೆ ರಾಜ್ಯ ಮಟ್ಟದ ಕೇಂದ್ರಕ್ಕೆ ಹೋಯಿತು. ಆದರೆ ಆ ಅನುಭವದ ಪಾಠ ಉಳಿದಿದೆ: ಸರ್ವರಿನ ಪಕ್ಕದಲ್ಲಿ ನಿಜವಾಗಿ ನಿಂತಿರುವ ಮನುಷ್ಯನನ್ನು ಗಮನದಲ್ಲಿಟ್ಟುಕೊಂಡೇ ವ್ಯವಸ್ಥೆ ರೂಪಿಸಬೇಕು. ಶಾಖೆಯಲ್ಲಿ ಆತ ಬಹುಮಟ್ಟಿಗೆ ನಗದು ಗುಮಾಸ್ತ ಅಥವಾ ವ್ಯವಸ್ಥಾಪಕ. ಅವರು ಮಾಡಬಹುದಾದದ್ದು ವಿದ್ಯುತ್ ಗುಂಡಿ ಒತ್ತುವುದು, ಕೇಬಲ್ ಸರಿಪಡಿಸುವುದು, ಫೋನಿನಲ್ಲಿ ದೀಪದ ಬಣ್ಣ ಹೇಳುವುದು. ಅಷ್ಟರಲ್ಲಿ ಕೆಲಸ ಸಾಗುವಂತಿರಬೇಕು.

ಆದ್ದರಿಂದ ಸರ್ವರನ್ನು ದೂರದಿಂದಲೇ ಆರಿಸಿ ಹೊತ್ತಿಸಬಲ್ಲ ನಿರ್ವಹಣಾ ಕಾರ್ಡು ಇರಲೇಬೇಕು. ಆದರೆ ಅದು ಇಂಟರ್ನೆಟ್ಟಿಗೆ ನೇರವಾಗಿ ತೆರೆದಿರಬಾರದು. ಯುಪಿಎಸ್ ಇದ್ದರೆ ಸಾಲದು. ಬ್ಯಾಟರಿ ಮುಗಿಯುತ್ತ ಬಂದಾಗ ವರ್ಚುವಲ್ ಯಂತ್ರಗಳನ್ನು ಕ್ರಮವಾಗಿ ಮುಚ್ಚುವ ಸೂಚನೆ ಅದರಿಂದ ಸರ್ವರಿಗೆ ಹೋಗಬೇಕು, ವಿದ್ಯುತ್ ಬಂದಾಗ ಅವು ತಾವಾಗಿಯೇ ಏಳಬೇಕು. ಬೇಸಿಗೆಯಲ್ಲಿ ದಿನಕ್ಕೆ ಮೂರು ನಾಲ್ಕು ಬಾರಿ ವಿದ್ಯುತ್ ಹೋಗುವ ಊರುಗಳಲ್ಲಿ, ಕರಪತ್ರಗಳಲ್ಲಿ ಕಾಣುವ ಎಷ್ಟೋ ಸೌಲಭ್ಯಗಳಿಗಿಂತ ಇದು ಹೆಚ್ಚು ಉಪಯುಕ್ತ.

ಎರಡು ಸರ್ವರುಗಳನ್ನು ಜೋಡಿಯಾಗಿ ಇಡುವವರು ಒಂದು ವಿಷಯ ತಿಳಿದಿರಬೇಕು. ಸಹಕಾರ ಸಂಘದ ಸಭೆಗಳಿಗೆ ಹೋಗುವವರಿಗೆ ‘ಕೋರಂ’ ಗೊತ್ತು. ಎರಡೇ ಸರ್ವರುಗಳಿದ್ದು ನಡುವಿನ ಸಂಪರ್ಕ ಕಡಿದರೆ ಪ್ರತಿಯೊಂದೂ ‘ಇನ್ನೊಂದು ಸತ್ತಿದೆ, ಅಧಿಕಾರ ನನ್ನದು’ ಎಂದು ಭಾವಿಸಿ ಒಂದೇ ದತ್ತಾಂಶವನ್ನು ಎರಡು ಕಡೆ ಬರೆಯತೊಡಗುವ ಅಪಾಯವಿದೆ. ಇದನ್ನು ತಪ್ಪಿಸಲು ಮೂರನೆಯ ಮತ ಬೇಕು. ಆ ಮತಕ್ಕೆ ಮೂರನೆಯ ದೊಡ್ಡ ಸರ್ವರ್ ಬೇಕಿಲ್ಲ. ಬೇರೆಡೆ ಇರುವ ಒಂದು ಚಿಕ್ಕ ಯಂತ್ರ ಸಾಕು. ದರಪಟ್ಟಿಯಲ್ಲಿ ಈ ‘ಸಾಕ್ಷಿ’ಯ ಉಲ್ಲೇಖವಿಲ್ಲದಿದ್ದರೆ ಪ್ರಶ್ನಿಸಬೇಕು.

ಇನ್ನು ಸುರಕ್ಷತೆ. ವಠಾರದ ಹೆಬ್ಬಾಗಿಲು ಮುರಿದರೆ ಎಲ್ಲ ಮನೆಗಳೂ ಬಯಲಾಗುತ್ತವೆ. 2023ರ ಫೆಬ್ರುವರಿಯಲ್ಲಿ ಜಗತ್ತಿನಾದ್ಯಂತ ಸಾವಿರಾರು ವಿಎಂವೇರ್ ಸರ್ವರುಗಳ ಮೇಲೆ ರ್‍ಯಾನ್ಸಮ್‌ವೇರ್ ದಾಳಿ ನಡೆಯಿತು. ದಾಳಿಕೋರರು ಬಳಸಿದರೆಂದು ಗುರುತಿಸಲಾದ ದೋಷಕ್ಕೆ ಎರಡು ವರ್ಷ ಮೊದಲೇ, 2021ರ ಫೆಬ್ರುವರಿಯಲ್ಲಿಯೇ, ಪರಿಹಾರ ಬಿಡುಗಡೆಯಾಗಿತ್ತು. ಬಲಿಯಾದವರಲ್ಲಿ ಹೆಚ್ಚಿನವರು ಅದನ್ನು ಹಾಕಿಕೊಂಡಿರಲಿಲ್ಲ. ಹೈಪರ್‌ವೈಸರ್ ಯಾವುದೇ ಇರಲಿ, ಪರಿಷ್ಕರಣೆಗಳನ್ನು ಹಾಕುವ ಹೊಣೆ ಯಾರದು, ಯಾವ ತಿಂಗಳು, ಯಾವ ರಜಾದಿನ ಎಂಬುದು ಬರವಣಿಗೆಯಲ್ಲಿರಬೇಕು.

ಬ್ಯಾಕಪ್ ವಿಷಯದಲ್ಲಿ ಹಳೆಯ ಸೂತ್ರವೇ ಸರಿ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ. ಎರಡು ಸರ್ವರುಗಳ ಜೋಡಿ ಬ್ಯಾಕಪ್ ಅಲ್ಲ. ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲಿಯೂ ಕ್ಷಣದಲ್ಲಿ ಅಳಿಯುತ್ತದೆ. ವರ್ಷಕ್ಕೆ ಎರಡು ಬಾರಿಯಾದರೂ ಒಂದು ಶಾಖೆಯನ್ನು ಬ್ಯಾಕಪ್‌ನಿಂದ ಪೂರ್ತಿ ಮರುಸ್ಥಾಪಿಸಿ ನೋಡದ ಸಂಸ್ಥೆಗೆ ಬ್ಯಾಕಪ್ ಇದೆ ಎನ್ನುವುದು ನಂಬಿಕೆಯ ಮಾತಷ್ಟೇ.

ಬೇಕೇ ಬೇಕೇ?

ಇಷ್ಟೆಲ್ಲ ಓದಿದ ಓದುಗರು ‘ಎಲ್ಲವನ್ನೂ ಕೇಂದ್ರಕ್ಕೋ ಕ್ಲೌಡಿಗೋ ಕೊಟ್ಟುಬಿಟ್ಟರೆ ಈ ತಲೆನೋವೇ ಇಲ್ಲವಲ್ಲ’ ಎನ್ನಬಹುದು. ಬ್ಯಾಂಕುಗಳು ಕೋರ್ ಬ್ಯಾಂಕಿಂಗ್ ಮೂಲಕ ಹಾಗೆಯೇ ಮಾಡಿದವು. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕಾಗಿ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ 63,000 ಸಂಘಗಳಿಗೆ 2,516 ಕೋಟಿ ರೂಪಾಯಿಗಳ ಯೋಜನೆ ಮಂಜೂರು ಮಾಡಿದಾಗಲೂ ಏಕರೂಪದ ಸಾಮಾನ್ಯ ತಂತ್ರಾಂಶದ ದಾರಿಯನ್ನೇ ಆರಿಸಿಕೊಂಡಿತು. ಶಾಖೆಯಲ್ಲಿ ನಡೆಯಬೇಕಾದ ಕೆಲಸ ಒಂದೆರಡೇ ಆಗಿದ್ದು, ಇಂಟರ್ನೆಟ್ ಎರಡು ಬೇರೆ ಬೇರೆ ಕಂಪನಿಗಳಿಂದ ದೊರೆಯುವಂತಿದ್ದರೆ ಶಾಖೆಗೆ ಸರ್ವರೇ ಬೇಡ; ಕಡತ ಸಂಗ್ರಹದ ಒಂದು ಚಿಕ್ಕ ಪೆಟ್ಟಿಗೆ ಸಾಕು. ಖರೀದಿ ಸಮಿತಿ ಮೊದಲು ಕೇಳಬೇಕಾದ ಪ್ರಶ್ನೆಯೇ ಇದು.

ಆದರೆ ಕೇಂದ್ರೀಕರಣಕ್ಕೂ ತನ್ನದೇ ಅಪಾಯವಿದೆ. ಸಹಕಾರಿ ಹಾಗೂ ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ಒದಗಿಸುವ ಸಿ-ಎಡ್ಜ್ ಟೆಕ್ನಾಲಜೀಸ್ ಸಂಸ್ಥೆಯ ಮೇಲೆ ರ್‍ಯಾನ್ಸಮ್‌ವೇರ್ ದಾಳಿಯಾದ ಹಿನ್ನೆಲೆಯಲ್ಲಿ ರಾಷ್ಟ್ರೀಯ ಪಾವತಿ ನಿಗಮವು 2024ರ ಜುಲೈ 31ರಂದು ಅದನ್ನು ತನ್ನ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಬೇಕಾಯಿತು. ಸಂಪರ್ಕ ಬೇಗನೆ ಮರುಸ್ಥಾಪನೆಯಾಯಿತಾದರೂ, ನೂರಾರು ಸಣ್ಣ ಬ್ಯಾಂಕುಗಳ ಗ್ರಾಹಕರ ಪಾವತಿ ಸೇವೆಗೆ ಒಂದೇ ಏಟಿಗೆ ಅಡ್ಡಿಯಾದುದು ಮರೆಯುವಂತಹದ್ದಲ್ಲ. ಇಂಟರ್ನೆಟ್ ಕಡಿದಾಗಲೂ ಚೀಟಿ ಬರೆಯಬೇಕಾದ ಆಸ್ಪತ್ರೆ, ತೂಕ ಹಾಕಬೇಕಾದ ಸಂಗ್ರಹಣಾ ಕೇಂದ್ರಗಳಿಗೆ ಸ್ಥಳೀಯ ಸರ್ವರ್ ಬೇಕೇ ಬೇಕು.

ಟೆಂಡರಿನಲ್ಲಿ ಇರಬೇಕಾದ ಸಾಲುಗಳು

ಹಾಗಾದರೆ ಸಮಿತಿಯ ಸದಸ್ಯ ಏನು ಮಾಡಬೇಕು? ಉತ್ಪನ್ನದ ಹೆಸರು ಬರೆದು ಬೆಲೆ ಕೇಳುವ ಬದಲು ಶಾಖೆಯ ಅಗತ್ಯ ಬರೆದು ಐದು ವರ್ಷಗಳ ಒಟ್ಟು ವೆಚ್ಚ ಕೇಳಬೇಕು. ಅದರಲ್ಲಿ ಯಂತ್ರ, ಹೈಪರ್‌ವೈಸರ್, ವಿಂಡೋಸ್, ಬ್ಯಾಕಪ್, ಬೆಂಬಲ, ತರಬೇತಿ ಪ್ರತ್ಯೇಕ ಸಾಲುಗಳಾಗಿರಬೇಕು. ಚಂದಾ ನವೀಕರಣದ ದರಕ್ಕೆ ಮೇಲ್ಮಿತಿ ಇರಬೇಕು. ಕಡೆಯ ಸಾಲು ಅತಿ ಮುಖ್ಯ: ಒಪ್ಪಂದ ಮುಗಿದಾಗ ಎಲ್ಲ ವರ್ಚುವಲ್ ಯಂತ್ರಗಳನ್ನು ಇತರ ವ್ಯವಸ್ಥೆಗಳು ಓದಬಲ್ಲ ನಮೂನೆಯಲ್ಲಿ ಹೊರತೆಗೆದು ಕೊಡಲು ತಗಲುವ ದಿನಗಳು ಮತ್ತು ಶುಲ್ಕ. ಆ ಸಾಲನ್ನು ಖಾಲಿ ಬಿಡುವ ಮಾರಾಟಗಾರನ ದರ ಎಷ್ಟೇ ಕಡಿಮೆಯಿದ್ದರೂ ಅದು ಪೂರ್ಣ ದರವಲ್ಲ. ಆದೇಶ ಕೊಡುವ ಮುನ್ನ ಒಂದು ಶಾಖೆಯಲ್ಲಿ ಮೂರು ತಿಂಗಳು ನಡೆಸಿ, ಬೇಕೆಂದೇ ಒಮ್ಮೆ ವಿದ್ಯುತ್ ಕಡಿದು ನೋಡಬೇಕು.

ಕೇಂದ್ರ ಸರ್ಕಾರ 2015ರಲ್ಲಿ ಪ್ರಕಟಿಸಿದ ಮುಕ್ತ ತಂತ್ರಾಂಶ ನೀತಿ, ಇ-ಆಡಳಿತದ ಖರೀದಿಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವಂತೆ ಹೇಳುತ್ತದೆ. ಸಹಕಾರ ಸಂಸ್ಥೆಗಳಿಗೆ ಅದು ಬಂಧಕವಲ್ಲ. ಆದರೆ ಅದರ ಹಿಂದಿನ ವಿವೇಕ ಅವಕ್ಕೂ ಅನ್ವಯಿಸುತ್ತದೆ. ಮುಕ್ತ ತಂತ್ರಾಂಶದ ದೊಡ್ಡ ಗುಣ ಅದು ಉಚಿತ ಎಂಬುದಲ್ಲ. ಬೆಂಬಲ ಕೊಡುವ ಕಂಪನಿ ನಾಳೆ ಮಾರಾಟವಾದರೂ, ದರ ಏರಿಸಿದರೂ, ತಂತ್ರಾಂಶ ನಮ್ಮ ಕೈಯಲ್ಲಿ ಉಳಿಯುತ್ತದೆ. ಬೆಂಬಲಕ್ಕೆ ಇನ್ನೊಬ್ಬರನ್ನು ಹುಡುಕಿಕೊಳ್ಳಬಹುದು. ಹಾಗೆಂದು ಅದನ್ನೇ ಎಲ್ಲರೂ ಕೊಳ್ಳಬೇಕೆಂದು ನಾನು ಹೇಳಲಾರೆ. ಲಿನಕ್ಸ್ ಬಲ್ಲವರಿಲ್ಲದ ಸಂಸ್ಥೆಗೆ ಆ ಸ್ವಾತಂತ್ರ್ಯ ಉಪಯೋಗಕ್ಕೆ ಬಾರದ ಸ್ವಾತಂತ್ರ್ಯ.

ಸಣ್ಣ ಸಂಸ್ಥೆಗಳ ಹಣ ಬಹುಮಟ್ಟಿಗೆ ಸಣ್ಣ ಜನರ ಹಣ. ಹಾಲು ಮಾರಿದವರ, ಪಿಂಚಣಿದಾರರ, ಬೀದಿಬದಿ ವ್ಯಾಪಾರಿಗಳ ಠೇವಣಿಯಿಂದಲೇ ಸರ್ವರಿನ ಬಿಲ್ಲೂ ಪಾವತಿಯಾಗಬೇಕು. ಅವರಿಗೆ ಕೋರ್, ಕ್ಲಸ್ಟರ್‌ಗಳ ಗೊಡವೆಯಿಲ್ಲ. ಸೋಮವಾರ ಬೆಳಿಗ್ಗೆ ಕೌಂಟರಿನ ಮುಂದೆ ನಿಂತಾಗ ತಮ್ಮ ಖಾತೆ ತೆರೆಯುತ್ತದೆಯೇ ಎಂಬುದಷ್ಟೇ ಪ್ರಶ್ನೆ. ಅವರ ಪರವಾಗಿ ಸಹಿ ಹಾಕುವವರು ದರಪಟ್ಟಿಯ ಮೊದಲ ಪುಟದ ಜೊತೆಗೆ ಕೊನೆಯ ಪುಟವನ್ನೂ ಓದುವುದು ಹೆಚ್ಚಿನ ನಿರೀಕ್ಷೆಯೇನಲ್ಲ.